ಪದಚರ್ಚೆ: ‘ದಾಸ’ನೋ, ‘ಆಳೋ’?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ನಿಮ್ಮ ಸಹಾಯ ಬೇಕು. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದ ಸಂಜೆ ನಮ್ಮ ಚರ್ಚಿನಲ್ಲಿ ಓದಲು ಒಂದು ಪುಟದ ಚಿಂತನೆ ಬರೆಯುವ ಕೆಲಸ ಈ ಸಲ ನನಗೆ ಬಂದಿದೆ. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಪ್ರಸಂಗ, ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ. ಆ ಕಾಲದಲ್ಲಿ ಅದು ಗುಲಾಮರು ಮಾಡುತ್ತಿದ್ದ ಕೆಲಸ. ಗ್ರೀಕ್ ಮೂಲದಲ್ಲಿ ಗುಲಾಮನಿಗೆ ‘ದೂಲೋಸ್’ ಅಂತ ಪದ. ಊಟ ಬಡಿಸುವವನಿಗೆ, ಹೇಳಿದ ಕೆಲಸಕ್ಕೆ ಓಡಾಡುವವನಿಗೆ ಇನ್ನೊಂದು ಪದ ಇದೆ, ‘ದಿಯಾಕೊನೊಸ್’. ಅದಕ್ಕೆ ‘ಸೇವಕ’ ಸಾಕು. ದೂಲೋಸನಿಗೆ ಏನು ಹೇಳೋಣ?

ಮೊದಲು ‘ದಾಸ’ ಅಂತಲೇ ಬರೆದೆ. ಚರ್ಚಿನಲ್ಲಿ ಕೇಳಿ ಕೇಳಿ ರೂಢಿಯಾದ ಪದ. ಜೋರಾಗಿ ಓದಿ ನೋಡಿದರೆ ಎಲ್ಲೂ ನಾಟಲಿಲ್ಲ. ಪುರಂದರದಾಸರು, ಕನಕದಾಸರು ಬಂದುಹೋದ ಮೇಲೆ ಕನ್ನಡದಲ್ಲಿ ದಾಸ ಅಂದರೆ ಕೈಮುಗಿಯಬೇಕಾದವರು. ಅದು ಒಳ್ಳೆಯದೇ. ಆದರೆ ಅದೇ ರಾತ್ರಿ ಯೇಸು ಹೇಳುವ ಇನ್ನೊಂದು ಮಾತು 15ನೇ ಅಧ್ಯಾಯದಲ್ಲಿದೆ. ಇನ್ನು ಮೇಲೆ ನಿಮ್ಮನ್ನು ದೂಲೋಸ್ ಅನ್ನೋದಿಲ್ಲ, ಒಡೆಯ ಏನು ಮಾಡುತ್ತಾನೆ ಅಂತ ದೂಲೋಸನಿಗೆ ಗೊತ್ತಿರೋದಿಲ್ಲ, ನಿಮ್ಮನ್ನು ಗೆಳೆಯರು ಅಂದಿದ್ದೇನೆ ಅಂತ. ಇಲ್ಲಿ ‘ದಾಸ’ ಅಂತ ಇಟ್ಟು ಓದಿ ನೋಡಿ. ಇದ್ದ ಮರ್ಯಾದೆಯನ್ನೇ ಕಿತ್ತುಕೊಂಡ ಹಾಗೆ ಕೇಳುತ್ತದೆ, ಅಲ್ವಾ? ‘ಇನ್ನು ನೀವು ಆಳುಗಳಲ್ಲ, ನನ್ನ ಗೆಳೆಯರು’ ಅಂದರೆ ಎದೆಗೇ ಬಂದು ಮುಟ್ಟುತ್ತದೆ. ದೇವರು ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದು ಆ ಒಂದು ಪದದಿಂದಲೇ ಗೊತ್ತಾಗುತ್ತದೆ.

ಹಾಗಾಗಿ ನನ್ನ ಮನಸ್ಸು ‘ಆಳು’ ಕಡೆಗಿದೆ. ಆದರೆ ಅದರಲ್ಲೂ ಎರಡು ತೊಡಕು. ಈಗ ಆಳು ಅಂದರೆ ದಿನಗೂಲಿಯವರು. ‘ನಾಟಿಗೆ ನಾಲ್ಕು ಹೆಣ್ಣಾಳು ಬೇಕಿತ್ತು’ ಅನ್ನುತ್ತೇವೆ. ಅವರು ಸಂಜೆ ಕೂಲಿ ತಗೊಂಡು ಮನೆಗೆ ಹೋಗುತ್ತಾರೆ. ದೂಲೋಸ್ ಎಲ್ಲಿಗೂ ಹೋಗುವ ಹಾಗಿರಲಿಲ್ಲ, ಅವನೇ ಒಡೆಯನ ಸೊತ್ತು. ಇನ್ನೊಂದು, ನಮ್ಮ ಗಾದೆ: ಆಳಾಗಿ ದುಡಿ, ಅರಸಾಗಿ ಉಣ್ಣು. ಇಲ್ಲಿ ಆಳಾಗೋದು ಮೆಟ್ಟಿಲು, ಅರಸಾಗೋದು ಗುರಿ. ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಮೊದಲಿಗನಾಗಬೇಕು ಅನ್ನುವವನಿಗೆ ಎಲ್ಲರ ದೂಲೋಸ್ ಆಗು ಅಂತ ಮಾತ್ರ ಹೇಳಿದೆ. ಆಮೇಲೆ ಅರಸಾಗುವ ಮಾತೇ ಇಲ್ಲ.

ಹಾಗಾದರೆ ‘ಜೀತದಾಳು’ ಅನ್ನಬಹುದಾ? ಅರ್ಥಕ್ಕೆ ಅದೇ ಜಾಸ್ತಿ ಹತ್ತಿರ. ಬರೆಯಲು ಕೈ ಏಳುತ್ತಿಲ್ಲ. ಕಾನೂನಿನಲ್ಲಿ ಜೀತ ಹೋಗಿದ್ದು 1976ರಲ್ಲಿ. ಹುಡುಗರಾಗಿದ್ದಾಗ ಜೀತಕ್ಕಿದ್ದವರು ಇಂದಿಗೂ ನಮ್ಮ ಜೊತೆ ಪೂಜೆಗೆ ಬರುತ್ತಾರೆ. ಯೇಸು ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಕೆಲವು ವರ್ಷದ ಹಿಂದೆ ಹಾಗೆ ಕಾಲು ತೊಳೆಸಿಕೊಳ್ಳಲು ಕೂತ ಹನ್ನೆರಡು ಜನರಲ್ಲಿ ಅಂಥ ಹಿರಿಯರೊಬ್ಬರಿದ್ದರು. ಗುರುಗಳು ಅವರ ಮುಂದೆ ಮಂಡಿಯೂರಿ ಬೇಸಿನ್ನು ಹತ್ತಿರಕ್ಕೆ ಎಳೆದುಕೊಂಡಾಗ ಅವರು ಕಾಲು ಹಿಂದಕ್ಕೆ ತಗೊಂಡು ‘ಬ್ಯಾಡಿ ಸ್ವಾಮಿ’ ಅಂದರು. ಹಿಮ್ಮಡಿ ಒಡೆದ ಕಾಲು. ಗುರುಗಳು ಏನೂ ಮಾತಾಡದೆ ಬಟ್ಟೆ ಹಿಡಿದು ಹಾಗೇ ಕಾದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕಾಲು ಮುಂದಕ್ಕೆ ಚಾಚಿದರು. ಯೇಸುವಿನ ಶಿಷ್ಯ ಪೇತ್ರನೂ ಮೊದಲು ಬೇಡ ಅಂದವನೇ. ಆ ಹಿರಿಯರಂಥವರನ್ನು ಎದುರಿಗೆ ಕೂರಿಸಿಕೊಂಡು ‘ಯೇಸು ಜೀತದಾಳಾದ’ ಅಂತ ಓದಿದರೆ ಅವರಿಗೆ ನೋವಾದೀತಾ, ಅಥವಾ ಬೇರೆ ಯಾರಿಗಿಂತ ಚೆನ್ನಾಗಿ ಅವರಿಗೇ ಅರ್ಥವಾದೀತಾ?

‘ಪಾದ’ ಬಿಟ್ಟು ‘ಕಾಲು’ ಅಂತ ಬರೆದಿದ್ದೂ ಬೇಕೆಂದೇ. ಮದುವೆಯಲ್ಲಿ ಅಳಿಯನ ಕಾಲು ತೊಳೆಯುತ್ತೇವೆ, ಮಠದಲ್ಲಿ ಪಾದಪೂಜೆ ಇರುತ್ತದೆ. ಅಲ್ಲೆಲ್ಲ ನೀರು ಹಾಕುವವರು ಚಿಕ್ಕವರು, ಕಾಲು ಕೊಟ್ಟವರು ದೊಡ್ಡವರು. ಇಲ್ಲಿ ಪೂರ್ತಿ ತಿರುಗುಮುರುಗು. ‘ಪಾದ’ ಅಂದ ತಕ್ಷಣ ಅದು ಮರೆತುಹೋಗುತ್ತದೆ ಅನ್ನೋದು ನನ್ನ ಅನಿಸಿಕೆ.

ವ್ಯಾಕರಣ ಬಲ್ಲವರಲ್ಲಿ ಇನ್ನೊಂದು ಕೇಳಬೇಕು. ದುಡಿಯುವ ‘ಆಳು’, ರಾಜ್ಯ ‘ಆಳು’, ಇವೆರಡೂ ಒಂದೇ ಬೇರಿನವಾ? ತೆಲುಗಿನಲ್ಲಿ ಆಳುವುದಕ್ಕೆ ‘ಏಲು’ ಅನ್ನುವುದು ನೋಡಿದರೆ ಬೇರೆ ಬೇರೆ ಇರಬಹುದು ಅನಿಸುತ್ತದೆ. ಬೇರೆಯೇ ಆದರೂ, ಆಳುವವನು ಆಳಾಗಿ ಮಂಡಿಯೂರಿದ ಅಂತ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಬಹುದಲ್ಲ! ಆ ಸಾಲನ್ನು ಬಿಡಲು ನನಗೆ ಮನಸ್ಸಿಲ್ಲ. ಕಿವಿಗೆ ಅದು ಸುಮ್ನೆ ಪದದಾಟದ ಹಾಗೆ ಕೇಳಿಸಿದರೆ ಮಾತ್ರ ದಯವಿಟ್ಟು ಹೇಳಿ, ತೆಗೆದುಬಿಡುತ್ತೇನೆ.

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ನಿಮ್ಮಲ್ಲಿ ಏನನ್ನುತ್ತೀರಿ ಅಂತ ತಿಳಿಸಿ. ‘ಆಳುಮಗ’ ಅನ್ನುವುದನ್ನು ಕೇಳಿದ್ದೇನೆ. ಅದು ಕೂಲಿಯವನೋ, ಮನೆಯಲ್ಲೇ ಇದ್ದು ದುಡಿಯುವವನೋ?