ಐದನೆಯ ಶೀಲದ ‘ಪಮಾದ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ವಂದನೆಗಳು.

ಬೌದ್ಧರು ಕೈಗೊಳ್ಳುವ ಐದು ನೇಮಗಳಾದ ಪಂಚಶೀಲದ ಪಾಲಿ ಪಾಠಕ್ಕೆ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದೇನೆ. ಕನ್ನಡ ಲಿಪಿಯಲ್ಲಿ ಓದಿ ಅದನ್ನು ಬಾಯಿಪಾಠ ಮಾಡಿಕೊಂಡವರಿಗೆ, ತಾವು ದಿನವೂ ಹೇಳುವ ಮಾತಿನ ಅರ್ಥ ಮನಸ್ಸಿಗೆ ಇಳಿಯಬೇಕೆಂಬುದು ನನ್ನ ಆಸೆ. ಕೊಲೆ, ಕಳವು, ಕಾಮದಲ್ಲಿ ತಪ್ಪು ನಡತೆ, ಸುಳ್ಳು ಇವುಗಳಿಗೆ ಮಾತು ಹುಡುಕುವುದು ಕಷ್ಟವಾಗಲಿಲ್ಲ. ಐದನೆಯದಕ್ಕೆ ಬಂದು ನಿಂತಿದ್ದೇನೆ:

‘ಸುರಾಮೇರಯಮಜ್ಜಪಮಾದಟ್ಠಾನಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’

ಸುರೆ ಎಂದರೆ ಹಿಟ್ಟು, ಅನ್ನ ಮುಂತಾದವುಗಳಿಂದ ಮಾಡಿದ್ದು. ಮೇರಯ ಎಂದರೆ ಹೂವು, ಹಣ್ಣು, ಜೇನು, ಬೆಲ್ಲದ ಆಸವ ಎಂದು ಪಾಲಿ ಗ್ರಂಥಗಳು ಬಿಡಿಸಿ ಹೇಳುತ್ತವೆ. ನಮಗೆ ‘ಹೆಂಡ, ಸಾರಾಯಿ’ ಎಂದರೆ ಸಾಕು.

ತೊಡಕಿರುವುದು ‘ಪಮಾದ’ದಲ್ಲಿ. ಇದು ಸಂಸ್ಕೃತದ ಪ್ರಮಾದವೇ. ಆದರೆ ಇಂದಿನ ಕನ್ನಡದಲ್ಲಿ ಪ್ರಮಾದವೆಂದರೆ ದೊಡ್ಡ ತಪ್ಪು: ‘ಲೆಕ್ಕದಲ್ಲಿ ಪ್ರಮಾದವಾಗಿದೆ’, ‘ಘೋರ ಪ್ರಮಾದ’. ಹಾಗೆಯೇ ಉಳಿಸಿಕೊಂಡರೆ, ಕುಡಿದು ತಪ್ಪು ಮಾಡದಿದ್ದರಾಯಿತು ಎಂದು ಓದುಗರು ತಿಳಿದಾರು. ಶೀಲ ಹೇಳುವುದು ಅದನ್ನಲ್ಲ. ಎಚ್ಚರ ತಪ್ಪುವುದೇ ಪಮಾದ. ಅದಕ್ಕೆ ಎಡೆಮಾಡಿಕೊಡುವುದೆಲ್ಲ ‘ಪಮಾದಟ್ಠಾನ’. ಬುದ್ಧನ ಕೊನೆಯ ಮಾತು ‘ಅಪ್ಪಮಾದೇನ ಸಂಪಾದೇಥ’. ಅಲ್ಲಿ ಯಾರೂ ‘ತಪ್ಪು ಮಾಡದೆ ಸಾಧಿಸಿ’ ಎಂದು ಅರ್ಥ ಹೇಳುವುದಿಲ್ಲ, ‘ಎಚ್ಚರದಿಂದ ಸಾಧಿಸಿ’ ಎಂದೇ ಹೇಳುತ್ತಾರೆ. ಧಮ್ಮಪದದ ಎರಡನೆಯ ವರ್ಗಕ್ಕೂ ‘ಅಪ್ಪಮಾದ’ ಎಂದೇ ಹೆಸರು.

ಈ ಹಳೆಯ ಅರ್ಥ ಕನ್ನಡದ ನೆಲಕ್ಕೆ ಹೊಸದೇನಲ್ಲ. ಆತ್ಮ ಮೇಲೇರುವ ಮೆಟ್ಟಿಲುಗಳೆಂದು ಜೈನರು ಹೇಳುವ ಗುಣಸ್ಥಾನಗಳಲ್ಲಿ ಆರನೆಯದು ಪ್ರಮತ್ತ (ಎಚ್ಚರ ತಪ್ಪುವುದು ಇನ್ನೂ ಉಳಿದಿರುವುದು), ಏಳನೆಯದು ಅಪ್ರಮತ್ತ (ಎಚ್ಚರ ತಪ್ಪದ್ದು). ಜೈನರ ಗ್ರಂಥವಾದ ತತ್ತ್ವಾರ್ಥಸೂತ್ರವಂತೂ ಹಿಂಸೆಯ ಲಕ್ಷಣವನ್ನೇ ‘ಪ್ರಮತ್ತಯೋಗ’ದಿಂದ, ಎಂದರೆ ಎಚ್ಚರ ತಪ್ಪಿದ ನಡೆಯಿಂದ, ಹೇಳುತ್ತದೆ.

‘ಮೈಮರೆವು’ ಎನ್ನೋಣವೆಂದರೆ ಹಾಡು ಕೇಳಿ ಮೈಮರೆಯುವ ಸುಖ ಅದರಲ್ಲಿ ಸೇರಿಕೊಳ್ಳುತ್ತದೆ. ‘ಅಜಾಗರೂಕತೆ’ ರಸ್ತೆ ಅಪಘಾತದ ವರದಿಯ ಮಾತಾಗಿಬಿಟ್ಟಿದೆ. ನನಗೆ ಹಿಡಿಸಿರುವುದು ‘ಎಚ್ಚರಗೇಡು’. ‘ಎಚ್ಚರಗೇಡಿ’ ಬೈಗುಳದಂತೆ ಕೇಳಿಸುವುದರಿಂದ ಕ್ರಿಯಾರೂಪವನ್ನೇ ಆರಿಸಿಕೊಂಡಿದ್ದೇನೆ:

‘ಎಚ್ಚರಗೆಡಿಸುವ ಹೆಂಡ, ಸಾರಾಯಿ, ಅಮಲು ಪದಾರ್ಥಗಳಿಂದ ದೂರವಿರುವ ನೇಮವನ್ನು ಕೈಗೊಳ್ಳುತ್ತೇನೆ.’

‘ಸಮಾದಿಯಾಮಿ’ ಎನ್ನುವವನು ತಾನೇ ಒಪ್ಪಿ ನಡೆಯುವವನು. ಆದ್ದರಿಂದ ‘ಕುಡಿಯಬಾರದು’ ಎಂದು ಕಟ್ಟಳೆಯಂತೆ ಬರೆಯಲು ನನಗೆ ಮನಸ್ಸಿಲ್ಲ. ಇದರಲ್ಲಿ ನಾನು ಗಟ್ಟಿಯಾಗಿದ್ದೇನೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ಹಳಗನ್ನಡ ಕಾವ್ಯಗಳಲ್ಲಿ ‘ಪ್ರಮಾದ’ ಎಚ್ಚರಗೇಡಿನ ಅರ್ಥದಲ್ಲಿ ಬಂದಿರುವ ಪ್ರಯೋಗಗಳಿದ್ದರೆ ಪದ್ಯಸಹಿತ ತಿಳಿಸುವಿರಾ? ನಿಮ್ಮ ಊರಿನ ಕಡೆ ಕುಡಿದು ಪರಿವೆ ತಪ್ಪಿದವರ ಸ್ಥಿತಿಗೆ, ಬೈಗುಳವಲ್ಲದ, ಬೇರೆ ಮಾತಿದೆಯೇ?