ಕತ್ತಿ ಕೊಟ್ಟರೂ ನಾಯಕಿ ಇಂಟರ್ವಲ್ ಆದ ಮೇಲೆ ಮರೆಯಾಗ್ತಾಳೆ, ಯಾಕೆ?

ಪ್ರಶ್ನೆ:
ಫ್ಯಾಂಟಸಿ ಚಿತ್ರಕಥೆಯ ಎರಡನೇ ಡ್ರಾಫ್ಟ್. ನಾಯಕಿ ಯೋಧೆ, ಅವಳಿಗೇ ಮೂರು ಫೈಟ್ ಇದೆ. ಬೆಕ್ಡೆಲ್ ಪರೀಕ್ಷೆಯೂ ಪಾಸ್. ಆದರೂ ಓದಿದವರು ‘ಸೆಕೆಂಡ್ ಹಾಫ್‌ನಲ್ಲಿ ಅವಳೆಲ್ಲಿ?’ ಅಂತಾರೆ. ಎಲ್ಲಿ ಎಡವಟ್ಟಾಗಿದೆ?

ಉತ್ತರ 1:
ಬೆಕ್ಡೆಲ್ ನೋಡೋದು ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡ್ತಾರಾ ಅಂತ, ಅಷ್ಟೇ. 1985ರ ಕಾಮಿಕ್ ಸ್ಟ್ರಿಪ್‌ನಿಂದ ಬಂದದ್ದು. ನಾಯಕಿಯ ತೂಕ ಅದರಲ್ಲಿ ಸಿಗಲ್ಲ.
ಸೀನ್ ಆರ್ಡರ್ ಎದುರಿಗಿಟ್ಟುಕೊಂಡು ಒಂದೊಂದು ಸೀನಿಗೂ ಎರಡೇ ವಿಷಯ ಬರೀರಿ: ತೀರ್ಮಾನ ಯಾರದ್ದು? ಅದರ ಬೆಲೆ ತೆತ್ತವರು ಯಾರು? ‘ಬಾಹುಬಲಿ’ (2015) ಹಾಗೆ ನೋಡಿ. ದೇವಸೇನೆಯನ್ನು ಬಿಡಿಸೋ ಹೊಣೆ ಅವಂತಿಕಾಳದ್ದು. ಶಿವುಡು ಅವಳ ಯೋಧೆಯ ಉಡುಪು ಕಳಚಿ, ಕೂದಲು ಬಿಚ್ಚಿ ಸಿಂಗರಿಸ್ತಾನೆ. ಆಮೇಲೆ ಹೊಣೆಯೂ ಅವನದೇ. ಕತ್ತಿ ಇತ್ತು, ಕಥೆ ಕೈಜಾರಿತು. ಎರಡನೇ ಭಾಗದಲ್ಲಿ (2017) ಮೈಮುಟ್ಟಿದವನ ಬೆರಳು ಕತ್ತರಿಸೋದು ದೇವಸೇನೆಯೇ. ತಲೆ ತೆಗೆಯೋದು ಬಾಹುಬಲಿಯಾದರೂ, ಅವರಿಬ್ಬರೂ ಅರಮನೆ ಬಿಡೋ ಹಾಗೆ ಕಥೆ ತಿರುಗಿಸಿದ್ದು ಅವಳ ಏಟು.

ಉತ್ತರ 2:
ತಪ್ಪು ಮಾಡೋ ಅವಕಾಶವೂ ಅವಳಿಗಿರಲಿ. ‘ಬ್ರೇವ್’ (2012) ಅನ್ನೋ ಆನಿಮೇಷನ್ ಚಿತ್ರದ ಬಿಲ್ಲುಗಾರಿಕೆ ಸೀನಿನಲ್ಲಿ ಬಿಗಿಯಾದ ಗೌನಿನಿಂದ ರಾಜಕುಮಾರಿ ಮೆರಿಡಾಗೆ ಬಿಲ್ಲು ಎಳೆಯೋಕಾಗಲ್ಲ. ಬಗ್ಗಿ ಹೊಲಿಗೆ ಪರಪರ ಬಿಚ್ಚಿಹೋಗೋ ಹಾಗೆ ಮಾಡ್ಕೊಂಡು, ತಾಯಿ ಬೇಡ ಅಂದರೂ ಮೂರೂ ಗುರಿ ಹೊಡೀತಾಳೆ. ಉಡುಪೇ ಇಲ್ಲಿ ಅಡ್ಡಿ. ಮುಂದೆ ಅವಳು ತಂದ ಮಂತ್ರದ ತಿನಿಸಿನಿಂದ ತಾಯಿ ಕರಡಿಯಾಗ್ತಾಳೆ. ಆ ತಪ್ಪು ಅವಳೇ ಸರಿ ಮಾಡಬೇಕಾದ್ದರಿಂದಲೇ ಕೊನೇವರೆಗೂ ಕಥೆ ಅವಳದು. (2013ರಲ್ಲಿ ಡಿಸ್ನಿ ರಾಜಕುಮಾರಿಯರ ಸಾಲಿಗೆ ಸೇರಿಸುವಾಗ ಮೆರಿಡಾಳ ಸೊಂಟ ಸಣ್ಣ ಮಾಡಿ ಬಿಲ್ಲು ತೆಗೆದಿದ್ದರು. ನಿರ್ದೇಶಕಿ ಬ್ರೆಂಡಾ ಚಾಪ್‌ಮನ್ ಬಹಿರಂಗವಾಗಿಯೇ ವಿರೋಧಿಸಿದರು, ಸರಿಯಾಗೇ ಮಾಡಿದರು.)

ಪ್ರಶ್ನೆ ಕೇಳಿದವರು:
ಪಟ್ಟಿ ಮಾಡಿದೆ. ಕ್ಲೈಮ್ಯಾಕ್ಸ್‌ನಲ್ಲಿ ಮಂತ್ರದುಂಗುರ ಅವಳ ಕೈಲಿದೆ, ‘ಈಗ ಪ್ರಯೋಗಿಸು’ ಅನ್ನೋದು ಮಾತ್ರ ಗುರು.

ಉತ್ತರ 1:
ಆ ಡೈಲಾಗ್ ತೆಗೀರಿ, ಅದೇ ರೋಗ. ಉಂಗುರ ಪ್ರಯೋಗಿಸಿದರೆ ಅವಳು ಏನು ಕಳ್ಕೊಳ್ತಾಳೆ ಅನ್ನೋದನ್ನ ಇಂಟರ್ವಲ್‌ಗೆ ಮುಂಚೆಯೇ ಒಮ್ಮೆ ತೋರಿಸಿ. ಕ್ಲೈಮ್ಯಾಕ್ಸ್‌ನಲ್ಲಿ ವಿವರಿಸೋಕೆ ಹೋದರೆ ವೇಗ ಸಾಯುತ್ತೆ. ‘ಫ್ರೋಜನ್’ (2013) ಆನಿಮೇಷನ್ ಚಿತ್ರದಲ್ಲಿ ನಿಜವಾದ ಪ್ರೀತಿಯ ಕೆಲಸವೊಂದೇ ಹಿಮಗಟ್ಟುತ್ತಿರೋ ಅನ್ನಾಳನ್ನು ಉಳಿಸಬಲ್ಲದು ಅಂತ ಮೊದಲೇ ಹೇಳಿರ್ತಾರೆ, ನಾವು ಮುತ್ತು ಅಂದ್ಕೊಂಡಿರ್ತೀವಿ. ಕೊನೆಗೆ ಒಂದು ಕಡೆಯಿಂದ ಅವಳನ್ನು ಪ್ರೀತಿಸೋ ಕ್ರಿಸ್ಟಾಫ್ ಓಡಿಬರ್ತಿದ್ದಾನೆ, ಇನ್ನೊಂದು ಕಡೆ ಅಕ್ಕ ಎಲ್ಸಾ ಮೇಲೆ ಕತ್ತಿ. ಅನ್ನಾ ಅವನತ್ತ ನೋಡಿ, ಅಕ್ಕನ ಕಡೆ ತಿರುಗ್ತಾಳೆ. ಆ ಗಳಿಗೆಯಲ್ಲಿ ಹೀಗೆ ಮಾಡು ಅನ್ನೋರು ಯಾರೂ ಇಲ್ಲ. ನಿಮ್ಮ ಗುರುವನ್ನೂ ಆ ಸೀನಿನಿಂದ ಪೂರ್ತಿ ಹೊರಗಿಡಿ. ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಆದೀತು.