ಅಪ್‌ಡೇಟ್: ಸೋರ್ತಿದ್ದ ಟೆಂಟ್ ಸರಿ ಹೋಯ್ತು
ಹೋದ ಸಲ ಕೇಳಿದ್ನಲ್ಲ, ಟೆಂಟಿನ ಹೊಲಿಗೆ ಹತ್ರ ನೀರು ಒಳಗೆ ಬರ್ತಿದೆ, ಹೊಸದು ತಗೊಳ್ಳೋದಾ ಇಲ್ಲ ಇದನ್ನೇ ರಿಪೇರಿ ಮಾಡೋದಾ ಅಂತ, ರಿಪೇರಿನೇ ಸಾಕಾಯ್ತು. ನೀವು ಹೇಳ್ದಂಗೆ ಫ್ಲೈ (ಟೆಂಟಿನ ಮೇಲೆ ಹೊದಿಸೋ ಮಳೆ ಹೊದಿಕೆ) ಒಳಗಡೆ ಕೈಯಾಡಿಸಿ ನೋಡ್ದೆ, ನೀರು ತಡೆಯೋ ಪಿಯು (ಪಾಲಿಯುರೆಥೇನ್) ಕೋಟಿಂಗ್ ಅಂಟಂಟು ಆಗಿರ್ಲಿಲ್ಲ, ಕೆಟ್ಟ ವಾಸನೆನೂ ಇಲ್ಲ, ಅಂದ್ರೆ ಕೋಟಿಂಗ್ ಕೆಟ್ಟಿಲ್ಲ, ಹೊಲಿಗೆ ಮೇಲೆ ಅಂಟಿಸಿರೋ ಸೀಮ್ ಟೇಪ್ ಮಾತ್ರ ಒಣಗಿದ ಬಾಳೆಪಟ್ಟೆ ಥರ ಸುಲಿದು ಬರ್ತಿತ್ತು. ಅದನ್ನೆಲ್ಲ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಪಾಲಿಯುರೆಥೇನ್ ಸೀಮ್ ಸೀಲರ್‌ನ (ಹೊಲಿಗೆ ಮುಚ್ಚೋ ಅಂಟು) ಸಣ್ಣ ಬ್ರಶ್ಶಲ್ಲಿ ಸೂಜಿ ತೂತುಗಳ ಮೇಲೆ ತೆಳ್ಳಗೆ ಎಳ್ದೆ. ಸಿಲಿಕಾನ್ ಕೋಟಿಂಗ್ ಬಟ್ಟೆ ಇರೋರು ದಯವಿಟ್ಟು ಇದನ್ನ ಹಚ್ಬೇಡಿ, ಹಿಡಿಯಲ್ಲ, ಅದಕ್ಕೆ ಸಿಲಿಕಾನ್ ಸೀಲರ್ರೇ ಬೇಕು.

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕೊಡಗಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಸೀಲರ್ ಎಲ್ಲಿಂದ ಒಣಗುತ್ತೆ, ಅದಕ್ಕೆ ಮಳೆ ಹೊಳವಾಗೋ ತನಕ ಕಾದು ಶೆಡ್ಡಲ್ಲೇ ಹರಡಿ ಮಾಡಿದ್ದು.

ಆಮೇಲೆ ತೋಟದಲ್ಲಿ ರಾತ್ರಿ ಪೂರ್ತಿ ಮಳೇಲಿ ಮಲಗಿ ನೋಡ್ದೆ. ಬೆಳಿಗ್ಗೆ ಫ್ಲೈ ಒಳಗೆ ಹನಿ ಇತ್ತು, ಆದ್ರೆ ಹೊಲಿಗೆ ಗುಂಟ ಅಲ್ಲ, ಬಟ್ಟೆ ತುಂಬಾ ಒಂದೇ ಸಮ ಸಣ್ಣ ಸಣ್ಣ ಹನಿ, ಅಂದ್ರೆ ಸೋರಿಕೆ ಅಲ್ಲ, ಉಸಿರಿನ ತೇವ! ಮೇಲಿನ ವೆಂಟ್ (ಗಾಳಿಕಿಂಡಿ) ತೆರೆದಿಟ್ರೆ ಅದೂ ಎಷ್ಟೋ ಕಮ್ಮಿ. ನೆಲಕ್ಕೆ ಹಾಕೋ ಟಾರ್ಪಾಲ್ ಅಂಚು ಟೆಂಟಿಂದ ಹೊರಗೆ ಚಾಚದಂಗೆ ಒಳಗೆ ಮಡಚಿ, ಇಲ್ಲಾಂದ್ರೆ ಮಳೆ ನೀರೆಲ್ಲ ಅಡಿಗೇ ಬರುತ್ತೆ.

ಈಗ ನೆರಳಲ್ಲಿ ಪೂರ್ತಿ ಒಣಗಿಸಿ ದೊಡ್ಡ ಕಾಟನ್ ಚೀಲದಲ್ಲಿ ಸಡಿಲವಾಗಿ ಇಡ್ತಿದೀನಿ, ನಮ್ಮ ಥಂಡಿಗೆ ಬೂಷ್ಟು ಹಿಡಿಯೋಕೆ ಹೆಚ್ಚು ದಿನ ಬೇಡ. ಸಹಾಯ ಮಾಡಿದ ಎಲ್ರಿಗೂ ತುಂಬಾ ಥ್ಯಾಂಕ್ಸ್.